ಕಾಣದ ಕುರ್ಚಿ

ನನ್ನ ಅಣ್ಣ ದುರುಗಪ್ಪ ಕೂಡ್ಲಿಗಿಯ ಒಂದು ಕಚೇರಿಯಲ್ಲಿ ಹದಿನಾಲ್ಕು ವರ್ಷ ಜವಾನನಾಗಿದ್ದ. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಈಗ ಅಲ್ಲಿರುವವರು, ಏನೂ ಅರಿಯದವರು, ಸುಮ್ಮನೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಸಾಹೇಬರ ಬಾಗಿಲ ಪಕ್ಕದಲ್ಲಿ ಇರುವುದು, ಗಂಟೆ ಬಾರಿಸಿದರೆ ಒಳಗೆ ಹೋಗುವುದು, ಇಷ್ಟೇ ಅವನ ಕೆಲಸ. ಮೊದಲು ಅಲ್ಲೊಂದು ಸ್ಟೂಲು ಇತ್ತು. ಹೊಸದಾಗಿ ಬಂದ ಸಾಹೇಬರಿಗೆ ಜವಾನ ಕುಳಿತಿರುವುದು ಕಣ್ಣಿಗೆ ಚುಚ್ಚಿತೋ ಏನೋ, ನೀರಿನ ಹೂಜಿ ಇಡುವುದಕ್ಕೆ ಬೇಕು ಎಂದು ಅದನ್ನು ಒಳಗೆ ತರಿಸಿಕೊಂಡರು. ಅಂದಿನಿಂದ ಹೂಜಿ ಕುಳಿತಿತು, ಅಣ್ಣ ನಿಂತ.

ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆಯವರೆಗೆ. ಕೆಲಸಕ್ಕೆ ಬಂದ ರೈತರು ಅವನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದರು. ನನಗೂ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಹೇಳಿಯೇ ಬಿಟ್ಟೆ, ಹೊರಗಿನಿಂದ ನಾನೇ ಒಂದು ಸ್ಟೂಲು ತಂದುಕೊಡುತ್ತೇನೆ, ಅದು ಹೇಗೆ ಕಿತ್ತುಕೊಳ್ಳುತ್ತಾರೋ ನೋಡೋಣ ಎಂದು. ಅಣ್ಣ ನಕ್ಕ.

"ಬಿಡವ್ವ ಕನಕಿ. ಅವ್ರು ನನ್ನ ನಿಲ್ಲಿಸೀವಿ ಅನ್ಕೊಂಡಾರ. ನಾನು ಅಲ್ಲಿ ನಂದು ಕೆಲಸ ಮಾಡ್ತಿರ್ತೀನಿ."

ಅವನ ಆ ಕೆಲಸ ಏನೆಂದು ಗೊತ್ತಿದ್ದವರು ಇಡೀ ತಾಲ್ಲೂಕಿನಲ್ಲಿ ಮೂವರು: ಅವನು, ನಾನು, ನಮ್ಮಪ್ಪ ಮೈಲಪ್ಪ. ಅಣ್ಣ ನಿಲ್ಲುವುದನ್ನು ಒಂದು ವಿದ್ಯೆಯಾಗಿ ಕಲಿತಿದ್ದ. ಕಲಿಸಿದವನು ಒಬ್ಬ ಚೀನೀ ಮುದುಕ.

ಅಣ್ಣ ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಸೈನ್ಯಕ್ಕೆ ಹೋದವನು. ಅರವತ್ತೆರಡರ ಯುದ್ಧದಲ್ಲಿ ಚೀನೀಯರ ಕೈಗೆ ಸೆರೆ ಸಿಕ್ಕ. ಹಿಮದ ನಡುವಿನ ಯಾವುದೋ ಶಿಬಿರದಲ್ಲಿ ಆರು ತಿಂಗಳು ಇದ್ದ. ಎಡಗಾಲಿನ ಎರಡು ಬೆರಳು ಕೊಳೆತು ಅಲ್ಲೇ ಉದುರಿದವು. ಉಳಿದವೂ ಹೋಗುತ್ತಿದ್ದವು, ಶಿಬಿರಕ್ಕೆ ಅಡುಗೆ ಮಾಡುತ್ತಿದ್ದ ಅಜ್ಜ ಉಳಿಸಿದ ಎನ್ನುತ್ತಿದ್ದ. ಆ ಅಜ್ಜ ಬೆಳಗಾಗುತ್ತಲೇ ಒಲೆಮನೆಯ ಹಿಂದೆ ಒಂದು ಗಂಟೆ ಅಲುಗದೆ ನಿಲ್ಲುತ್ತಿದ್ದನಂತೆ. ಕಾಲು ಸತ್ತುಹೋಗಿದೆ ಎಂದು ಅಳುತ್ತ ಕುಳಿತಿದ್ದ ಅಣ್ಣನನ್ನು ಒಂದು ದಿನ ರಟ್ಟೆ ಹಿಡಿದು ಎಬ್ಬಿಸಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡ. ಇವನ ಮಾತು ಅವನಿಗೆ ಬಾರದು, ಅವನದು ಇವನಿಗೆ ಬಾರದು. ಎಲ್ಲ ಕೈಯಲ್ಲೇ ಪಾಠ. ಮೊಣಕಾಲಿನ ಹಿಂದೆ ತಟ್ಟಿದರೆ ಸಡಿಲ ಬಿಡು ಎಂದು. ಗಲ್ಲ ಒತ್ತಿದರೆ ತುಸು ಒಳಕ್ಕೆ ಎಂದು. ನೆತ್ತಿಯ ಕೂದಲು ಹಿಡಿದು ಮೆಲ್ಲಗೆ ಎಳೆದರೆ, ಬೆನ್ನು ಅಲ್ಲಿಂದ ತೂಗಾಡುತ್ತಿರಲಿ ಎಂದು.

ಒಟ್ಟು ನಾಲ್ಕು ನಿಲುವು. ಮೊದಲನೆಯದರಲ್ಲಿ ಎರಡೂ ಅಂಗೈ ಹೊಕ್ಕುಳ ಮುಂದೆ, ಮಡಕೆ ಹಿಡಿದ ಹಾಗೆ. ಎರಡನೆಯದರಲ್ಲಿ ತೋಳುಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಗುಂಡಗೆ ಬಾಗಿಸಿ, ಮರ ತಬ್ಬಿಕೊಂಡ ಹಾಗೆ. ಮೂರನೆಯದರಲ್ಲಿ ಅಂಗೈ ಹೊರಕ್ಕೆ, ಹಣೆಯ ಮುಂದೆ. ನಾಲ್ಕನೆಯದು ಹೊಡೆದಾಟದ್ದು. ಒಂದು ಪಾದ ಮುಂದೆ, ಭಾರವೆಲ್ಲ ಹಿಂದಿನ ಕಾಲಿನ ಮೇಲೆ, ಒಂದು ಕೈ ಎದುರಾಳಿಯ ಎದೆಯ ಕಡೆಗೆ, ಇನ್ನೊಂದು ಹೊಟ್ಟೆಯ ಹತ್ತಿರ. ಹೊಡೆದಾಟದ್ದು ಎಂದರೂ ಅದರಲ್ಲಿ ಹೊಡೆತವೇ ಇಲ್ಲ, ಅದರಲ್ಲೂ ಸುಮ್ಮನೆ ನಿಲ್ಲುವುದೇ. ಮೊದಲ ತಿಂಗಳು ತೊಡೆ ಗಡಗಡ ನಡುಗಿತಂತೆ. ಎರಡನೇ ತಿಂಗಳು ಅಂಗೈ ಬೆಚ್ಚಗಾಯಿತು, ಮೂರನೇ ತಿಂಗಳು ಪಾದಕ್ಕೆ ಕಾವು ಇಳಿಯಿತು. ಉಳಿದ ಎಂಟು ಬೆರಳು ಬದುಕಿದವು.

ಅರವತ್ತಮೂರರಲ್ಲಿ ಬಿಡುಗಡೆಯಾಗಿ ಅಣ್ಣ ಊರಿಗೆ ಬಂದಾಗ ನನಗೆ ಹದಿಮೂರು ವರ್ಷ. ಅವ್ವ ಆಗಲೇ ತೀರಿಹೋಗಿದ್ದಳು. ಮರುದಿನ ಬೆಳಿಗ್ಗೆ ಹಿತ್ತಿಲ ಹುಣಸೆಮರದ ಕೆಳಗೆ ಅಣ್ಣ ತೋಳು ಬಾಗಿಸಿ ನಿಂತಿದ್ದ. ಅಪ್ಪ ಮುಖ ತೊಳೆಯಲು ಹೋದವನು ತಂಬಿಗೆ ಕೆಳಗಿಟ್ಟು ನೋಡಿದ. ಮತ್ತೆ ಸುತ್ತ ಒಮ್ಮೆ ಕಣ್ಣಾಡಿಸಿದ, ಇನ್ಯಾರಾದರೂ ಇದ್ದಾರೋ ಎಂಬಂತೆ. ಆಮೇಲೆ ಮೆತ್ತಗೆ ಕೇಳಿದ:

"ಯಾರು ನಿಲ್ಸ್ಯಾರಪ್ಪ ನಿನ್ನ?"

ಆ ಪ್ರಶ್ನೆ ನಮ್ಮ ಕೇರಿಯ ಅಪ್ಪನೊಬ್ಬನೇ ಕೇಳಬಹುದಾದದ್ದು. ಅಪ್ಪ ಊರಗೌಡರ ಓಲೇಕಾರ. ಬೆಳಗಾದರೆ ಗೌಡರ ಕಟ್ಟೆಯ ಎದುರಿನ ಬೇವಿನ ಮರದ ಹತ್ತಿರ ಹೋಗಿ ನಿಲ್ಲಬೇಕು. ಅವರು ಕರೆದಾಗ ಓಡಬೇಕು, ಕರೆಯದಿದ್ದರೆ ನಿಂತೇ ಇರಬೇಕು. ಗೌಡರು ಕಟ್ಟೆಯ ಮೇಲೆ ಇರುವಷ್ಟು ಹೊತ್ತು ನಮ್ಮವರು ಕೂರುವಂತಿಲ್ಲ. ಅವರು ಒಳಗೆ ಹೋದರೆ ಕೂರಬಹುದು, ಆದರೆ ಅವರು ಯಾವಾಗ ಹೊರಗೆ ಬರುತ್ತಾರೋ ಯಾರಿಗೆ ಗೊತ್ತು. ಹಾಗಾಗಿ ನಲವತ್ತು ವರ್ಷ ಅಪ್ಪ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ನಿಂತ. ಏನಾದರೂ ತಪ್ಪಾದರೆ ಶಿಕ್ಷೆಯೂ ಅದೇ, ಬಿಸಿಲಿನಲ್ಲಿ ನಿಲ್ಲಿಸುವುದು, ಕೈ ಮೇಲೆತ್ತಿ ನಿಲ್ಲಿಸುವುದು. ಒಬ್ಬ ಮನುಷ್ಯ ಯಾರೂ ಹೇಳದೆ ತನ್ನಷ್ಟಕ್ಕೆ ತಾನು ನಿಂತಾನು ಎಂಬುದು ಅಪ್ಪನ ತಲೆಗೆ ಹೋಗಲೇ ಇಲ್ಲ. ವೈರಿಗಳು ಮಗನನ್ನು ನಿಲ್ಲಿಸಿ ನಿಲ್ಲಿಸಿ ಅದೇ ರೂಢಿಯಾಗಿಬಿಟ್ಟಿದೆ ಎಂದುಕೊಂಡ. ಆ ದಿನ ಅಪ್ಪ ರೊಟ್ಟಿ ತಿನ್ನಲಿಲ್ಲ.

ಅಣ್ಣ ತಿಳಿಸಿ ಹೇಳಲು ನೋಡಿದ. ನಿಂತು ನಿಂತು ಅಪ್ಪನ ಮೊಣಕಾಲ ಕೆಳಗೆ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು, ಸಂಜೆಯ ಹೊತ್ತಿಗೆ ಪಾದ ಊದುತ್ತಿತ್ತು. "ನೀನು ಮೊಣಕಾಲು ಬಿಗಿ ಹಿಡದು ನಿಲ್ತಿ ಅಪ್ಪ. ಸಡಿಲ ಬಿಡು. ಕುಂಡಿ ತುಸು ಕೆಳಗ ಬಿಡು, ಎತ್ತರದ ಕುರ್ಚಿ ತುದೀಗ ಕುಂತಂಗ. ಇದು ನಿಲ್ಲೋದಲ್ಲಪ್ಪ, ಕಾಣದ ಕುರ್ಚಿ ಮ್ಯಾಲ ಕುಂದ್ರೋದು."

ಅಪ್ಪ ಅವನನ್ನೇ ನೋಡಿದ. "ಕಾಣದ ಕುರ್ಚಿ ನಾನು ಭಾಳ ನೋಡೀನಿ ತಮ್ಮಾ. ನೀನು ಕಾಣೋ ಕುರ್ಚಿ ಮ್ಯಾಲ ಕುಂದ್ರು. ಕಟ್ಟಿಗಿದು. ನಾಕು ಮಂದಿ ನೋಡಂಗ. ಅದನ್ನ ನೋಡಿ ನಾನು ಸಾಯ್ತೀನಿ."

ಅಪ್ಪನ ಬದುಕಿನಲ್ಲಿ ಇದ್ದದ್ದು ಇದೊಂದೇ ಆಸೆ. ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಮಗ ಯಾವುದಾದರೂ ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತು ಬರೆಯುತ್ತಿರಬೇಕು, ತಾನು ಕಿಟಕಿಯಿಂದ ಒಮ್ಮೆ ಇಣುಕಿ ನೋಡಬೇಕು.

ಇಲ್ಲಿ ನನ್ನದೊಂದು ಸಿಟ್ಟು ಹೇಳಿಕೊಳ್ಳಬೇಕು. ನಾನು ಎಪ್ಪತ್ತೊಂದರಲ್ಲಿ ಶಾಲೆಯ ಟೀಚರಾದೆ. ಮೊದಲು ಹಡಗಲಿ ಕಡೆಯ ಇಟ್ಟಿಗಿಯಲ್ಲಿ, ಎಪ್ಪತ್ತಾರರಿಂದ ನಮ್ಮೂರಲ್ಲೇ. ನನಗೂ ಕುರ್ಚಿಯಿತ್ತು. ತೋಳಿನ ಕುರ್ಚಿ, ಒಂದು ತೋಳು ಅಲ್ಲಾಡುತ್ತಿತ್ತು, ಬೆನ್ನಿಗೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದಿತ್ತು. ನಮ್ಮ ಮನೆಯಿಂದ ಶಾಲೆಗೆ ಮುನ್ನೂರು ಹೆಜ್ಜೆ. ಅಪ್ಪ ಮಧ್ಯಾಹ್ನ ನನಗೆ ರೊಟ್ಟಿ ತರುತ್ತಿದ್ದ, ತಂದು ಗೇಟಿನ ಹೊರಗೇ ನಿಲ್ಲುತ್ತಿದ್ದ. ಒಳಗೆ ಬಾ ಎಂದರೆ, "ನೀನು ಕುಂದ್ರವ್ವ, ನಾನು ಇಲ್ಲೇ" ಎನ್ನುತ್ತಿದ್ದ. ಒಂದು ದಿನವೂ ಒಳಗೆ ಬಂದು ನನ್ನ ಕುರ್ಚಿ ನೋಡಲಿಲ್ಲ. ಮಗಳು ಕುಳಿತಿದ್ದು ಅವನ ಲೆಕ್ಕಕ್ಕೆ ಬರಲಿಲ್ಲ ಎಂದು ಎಷ್ಟೋ ವರ್ಷ ಒಳಗೊಳಗೇ ಕುದ್ದಿದ್ದೇನೆ.

ಅಣ್ಣ ಕಾಲಿನ ದೆಸೆಯಿಂದ ಸೈನ್ಯ ಬಿಟ್ಟು ಬಂದ. ಎಸ್ಸೆಸ್ಸೆಲ್ಸಿ ಮುಗಿಸಿಕೊಂಡ. ಅರವತ್ತೊಂಬತ್ತರಲ್ಲಿ ಜವಾನನ ಕೆಲಸ ಸಿಕ್ಕಿತು. ಕೂಡ್ಲಿಗಿಯಲ್ಲೇ ಕೋಣೆ ಮಾಡಿಕೊಂಡು ಹೆಂಡತಿ ಹಂಪಮ್ಮನ ಜೊತೆ ಇದ್ದ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. ಚೀನಾದ ಅಜ್ಜನ ಸುದ್ದಿ ಹೊರಗೆ ಯಾರಿಗೂ ಹೇಳುತ್ತಿರಲಿಲ್ಲ. ಸೆರೆಯಿಂದ ಬಂದಾಗ ಸೈನ್ಯದವರು ಅವನನ್ನು ವಾರಗಟ್ಟಲೆ ಕೂಡಿಹಾಕಿ ಪ್ರಶ್ನೆ ಕೇಳಿದ್ದರು. ಅದು ಅವನಿಗೆ ಸಾಕಾಗಿತ್ತು. ಕಚೇರಿಯಲ್ಲಿ ಕೈ ಎತ್ತುವಂತಿರಲಿಲ್ಲವಲ್ಲ, ತೋಳು ಕೆಳಗೆ ಬಿಟ್ಟೇ ಉಳಿದದ್ದನ್ನೆಲ್ಲ ಮಾಡುತ್ತಿದ್ದ: ಮೊಣಕಾಲು ಸಡಿಲ, ಬೆನ್ನು ನೇರ, ಉಸಿರು ಹೊಟ್ಟೆಯವರೆಗೆ. ನೋಡಿದವರಿಗೆ ಒಬ್ಬ ಜವಾನ ನಿಂತಿದ್ದಾನೆ, ಅಷ್ಟೇ.

ಆ ನಿಲುವಿನ ಗಟ್ಟಿತನ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ತಳ್ಳಿ ನೋಡು ಎಂದು ಕರೆದಿದ್ದ. ಇದ್ದ ಬಲವೆಲ್ಲ ಹಾಕಿ ತಳ್ಳಿದೆ. ಅವನು ಇದ್ದಲ್ಲೇ ಇದ್ದ, ನಾನು ಹಿಂದಕ್ಕೆ ಹೋಗಿ ತಿಪ್ಪೆಯಲ್ಲಿ ಕುಳಿತೆ. ಆವತ್ತು ಅಪ್ಪನೂ ನಕ್ಕಿದ್ದ.

ಎಪ್ಪತ್ತೊಂಬತ್ತರಲ್ಲಿ ಅಣ್ಣನ ಹೆಸರು ಗುಮಾಸ್ತರ ಬಡ್ತಿ ಪಟ್ಟಿಗೆ ಬಂತು. ಆರು ತಿಂಗಳಲ್ಲಿ ಆದೇಶ ಬರುತ್ತದೆ ಎಂದರು. ಅಪ್ಪ ಇಡೀ ಕೇರಿಗೆ ಹೇಳಿಕೊಂಡು ಬಂದ. ಹೊಸ ಪಂಚೆ ಒಂದನ್ನು ಬಟ್ಟೆ ಹಾಕುವ ಬಿದಿರಿನ ಗಳುವಿಗೆ ಹಾಕಿ, ಕೂಡ್ಲಿಗಿಗೆ ಹೋಗುವ ದಿನಕ್ಕೆ ಎಂದು ಉಡದೆ ಇಟ್ಟ.

ಅದೇ ಹೊತ್ತಿಗೆ ಚೌಡಣ್ಣ ಎಂಬ ಗುತ್ತಿಗೆದಾರ ಕಚೇರಿಗೆ ಬಂದ. ಯಾರನ್ನೂ ಒಳಗೆ ಬಿಡಬೇಡ ಎಂದು ಸಾಹೇಬರು ಹೇಳಿದ್ದರು. ಅಣ್ಣ ಅದನ್ನೇ ಹೇಳಿದ. ಚೌಡಣ್ಣನಿಗೆ ಜವಾನನ ಬಾಯಿಂದ ಇಲ್ಲ ಎಂಬ ಮಾತು ಕೇಳಿ ಅಭ್ಯಾಸವಿರಲಿಲ್ಲ. ಎರಡೂ ಕೈಯಿಂದ ಅಣ್ಣನ ಎದೆಗೆ ಜೋರಾಗಿ ತಳ್ಳಿದ. ಅಣ್ಣ ಕೈ ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ತಳ್ಳಿದವನೇ ಜೋಲಿ ತಪ್ಪಿ ಮೂರು ಮೆಟ್ಟಿಲು ಉರುಳಿ ಅಂಗಳಕ್ಕೆ ಬಿದ್ದ. ಮಣಿಕಟ್ಟು ಮುರಿಯಿತು. ಅಲ್ಲಿದ್ದ ಮಂದಿ ನಕ್ಕುಬಿಟ್ಟರು. ಮಣಿಕಟ್ಟನ್ನು ಅವನು ಮರೆಯುತ್ತಿದ್ದನೋ ಏನೋ, ಆ ನಗುವನ್ನು ಮರೆಯಲಿಲ್ಲ. ಜವಾನ ದುರುಗಪ್ಪ ತನ್ನನ್ನು ಹೊಡೆದು ಕೆಡವಿದ ಎಂದು ದೂರು ಬರೆದುಕೊಟ್ಟ.

ಏಳು ದಿನದಲ್ಲಿ ವಿವರಣೆ ಕೊಡಬೇಕೆಂದು ಅಣ್ಣನಿಗೆ ನೋಟೀಸು ಬಂತು. ಅದನ್ನು ಹಿಡಿದುಕೊಂಡು ಶನಿವಾರ ನನ್ನ ಹತ್ತಿರ ಬಂದ. ಕೇರಿಯಲ್ಲಿ ಅರ್ಜಿ ಬರೆಯುವವಳು ನಾನೇ. ಗೋಡೆಗೆ ಒರಗಿ ಕುಳಿತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು ಹೇಳಿದ:

"ನಿಂತಿದ್ದೆ ಅಂತ ಒಂದು ಮಾತು ಬರಿಯವ್ವ. ಬ್ಯಾರೆ ಏನೂ ಬ್ಯಾಡ."

"ಅಷ್ಟು ಬರದ್ರ ಯಾರು ನಂಬ್ತಾರ? ಅಂವ ಹೆಂಗ ಬಿದ್ದ ಅಂತ ಕೇಳ್ತಾರ" ಎಂದೆ.

"ಕೇಳ್ಲಿ. ಬಿದ್ದವನ್ನ ಕೇಳ್ಕೊಳ್ಳಿ. ನಾವು ನಿಂತಿದ್ವಿ."

ನನಗೆ ನಗು ಬಂತು. ಹೆಬ್ಬೆಟ್ಟು ಒತ್ತುವ ಮುದುಕ ನನಗೆ ಬರೆಯುವುದನ್ನು ಹೇಳಿಕೊಡುತ್ತಾನೆ ಎಂದು. ಸರ್ಕಾರದ ಮುಂದೆ ಇದ್ದದ್ದನ್ನು ಇದ್ದ ಹಾಗೆ, ಪೂರ್ತಿಯಾಗಿ, ತಪ್ಪಿಲ್ಲದ ಕನ್ನಡದಲ್ಲಿ ಇಟ್ಟರೆ ನ್ಯಾಯ ತಾನಾಗಿ ಸಿಗುತ್ತದೆ ಎಂದು ನಾನು ನಂಬಿದ್ದೆ. ನಮ್ಮಲ್ಲಿ ಮೊದಲ ಸಲ ಅಕ್ಷರ ಕಲಿತವರೆಲ್ಲ ಮಾಡುವ ತಪ್ಪು ಅದು. ಬಾಯಲ್ಲಿ ಹೇಳಿದರೆ ಯಾರೂ ಕೇಳಲಿಲ್ಲ, ಕಾಗದದಲ್ಲಿ ಬರೆದರೆ ಕೇಳಿಯೇ ಕೇಳುತ್ತಾರೆ ಎಂದುಕೊಳ್ಳುತ್ತೇವೆ. ಅಣ್ಣ ಒಮ್ಮೆ ಮಾತ್ರ, "ಅಜ್ಜನ ಸುದ್ದಿ ಬ್ಯಾಡ ಬಿಡು ಕನಕಿ" ಎಂದ. ಅದನ್ನು ಬರೆಯದಿದ್ದರೆ ನೀನು ಹೊಡೆದಿಲ್ಲ ಎಂದು ಹೇಗೆ ತೋರಿಸಲಿ ಎಂದು ಗದರಿದೆ.

ನಾಲ್ಕು ಪುಟ ಬರೆದೆ. ಹಿಮ, ಬೆರಳು, ಅಡುಗೆಯ ಅಜ್ಜ, ನಾಲ್ಕು ನಿಲುವು, ಒಂದನ್ನೂ ಬಿಡಲಿಲ್ಲ. ಒಂದು ವಾಕ್ಯವಂತೂ ಈಗಲೂ ಬಾಯಿಪಾಠವಿದೆ: "ಈ ಚೀನೀ ಪದ್ಧತಿಯಲ್ಲಿ ಸ್ಥಿರವಾಗಿ ನಿಂತವನನ್ನು ತಳ್ಳಿದರೆ ಆ ಬಲವು ತಳ್ಳಿದವನಿಗೇ ಹಿಂತಿರುಗುವುದೆಂದು ವಿನಮ್ರನಾಗಿ ಅರಿಕೆ ಮಾಡಿಕೊಳ್ಳುತ್ತೇನೆ." ಬರೆದು ಮುಗಿಸಿ ಎರಡು ಸಲ ಗಟ್ಟಿಯಾಗಿ ಓದಿದೆ. ನನಗೇ ಬಹಳ ಸೊಗಸಾಗಿ ಕಂಡಿತು. ಅಣ್ಣ ಓದದೆ ಸಹಿ ಹಾಕಿದ.

ಎರಡು ತಿಂಗಳಿಗೆ ಉತ್ತರ ಬಂತು. ಸದರಿ ನೌಕರನು ಶತ್ರುದೇಶದಲ್ಲಿ ಹೊಡೆದಾಟದ ವಿದ್ಯೆ ಕಲಿತಿರುವುದನ್ನು ತಾನೇ ಲಿಖಿತವಾಗಿ ಒಪ್ಪಿಕೊಂಡಿರುತ್ತಾನೆ, ಆದ್ದರಿಂದ ವಿಚಾರಣೆ ಮುಗಿಯುವವರೆಗೆ ಬಡ್ತಿಯನ್ನು ತಡೆಹಿಡಿಯಲಾಗಿದೆ. ಚೌಡಣ್ಣನ ದೂರು ಎಲ್ಲೋ ಮೂಲೆಗೆ ಬಿತ್ತು. ಅಣ್ಣನ ಮೇಲೆ ಉಳಿದದ್ದು ನನ್ನ ನಾಲ್ಕು ಪುಟ ಮಾತ್ರ. ಪೊಲೀಸಿನವನೊಬ್ಬ ಕೇರಿಗೆ ಬಂದು, ಚೀನಾದಿಂದ ಕಾಗದ ಬರುತ್ತದೆಯೇ ಎಂದು ವಿಚಾರಿಸಿದ. ಅವನು ಹೋಗುವವರೆಗೆ ಅಪ್ಪ ಅಂಗಳದಲ್ಲಿ ಟವೆಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಣ್ಣನೂ ಅನ್ನಲಿಲ್ಲ. ಅಂದಿದ್ದರೆ ನಾನು ಜಗಳವಾಡಿ, ಅತ್ತು, ಹಗುರಾಗುತ್ತಿದ್ದೆ. ಅದಕ್ಕೂ ನನಗೆ ದಾರಿ ಬಿಡಲಿಲ್ಲ ಇಬ್ಬರೂ.

ಅಣ್ಣ ಅದೇ ಬಾಗಿಲಲ್ಲಿ ಮತ್ತೆ ನಿಂತ. ಎಂಬತ್ತು ಹೋಯಿತು, ಎಂಬತ್ತೊಂದು ಹೋಯಿತು. ಪ್ರತಿ ಶನಿವಾರ ಅವನು ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳುತ್ತಿದ್ದ:

"ಕುಂತ್ಯಾ?"

"ಇಲ್ಲಪ್ಪ. ಇನ್ನ."

ಇಷ್ಟೇ ಅವರ ಮಾತು. ಆಮೇಲೆ ಮಳೆ, ಜೋಳ, ಬಸ್ಸು.

ಎಂಬತ್ತೆರಡರಲ್ಲಿ ಅಪ್ಪನ ಬಲಗಾಲಿನ ನರ ಒಡೆದು ಹುಣ್ಣಾಯಿತು. ಮಾಯಲಿಲ್ಲ. ಕಾಲು ಮೇಲಿಟ್ಟುಕೊಂಡು ಮಲಗಬೇಕು, ನಿಲ್ಲಲೇ ಕೂಡದು ಎಂದರು ಡಾಕ್ಟರು. ನಿಲ್ಲಬೇಡ ಎಂದು ಅಪ್ಪನಿಗೆ ಒಬ್ಬರು ಹೇಳಿದ್ದು ಅದೇ ಮೊದಲು, ಆಗ ಅವನಿಗೆ ನಿಲ್ಲುವ ಶಕ್ತಿಯೇ ಉಳಿದಿರಲಿಲ್ಲ. ಚಳಿಗಾಲ ಬರುವ ಹೊತ್ತಿಗೆ ಜ್ವರ ಬಿಡದಾಯಿತು. ಗಳುವಿನ ಮೇಲೆ ಹೊಸ ಪಂಚೆ ಹಾಗೇ ಇತ್ತು.

ಆಗ ನಾನು ಇನ್ನೊಂದು ತಪ್ಪು ಮಾಡಿದೆ. ಶನಿವಾರ ಅಣ್ಣ ಬರುತ್ತಿದ್ದಂತೆ ಬೀದಿಯಲ್ಲೇ ಅಡ್ಡ ಹಾಕಿ, "ಈ ಸಲ ಕುಂತೆ ಅಂತ ಹೇಳು" ಎಂದೆ. ಒಲ್ಲೆ ಎಂದ. ಮುದುಕ ಎಷ್ಟು ದಿನ ಇರುತ್ತಾನೆ, ನೆಮ್ಮದಿಯಿಂದ ಹೋಗಲಿ ಎಂದು ಕೈಹಿಡಿದು ಅತ್ತೆ. ಒಳಗೆ ಹೋದ. ಅಪ್ಪ ಕೇಳಿದ. ಅಣ್ಣ ನೆಲ ನೋಡುತ್ತ, "ಕುಂತೆ ಅಪ್ಪ, ಸೋಮವಾರದಿಂದ" ಎಂದ.

ಅಪ್ಪನ ಮುಖ ಒಂದು ಗಳಿಗೆ ಅರಳಿತು, ಸುಳ್ಳಲ್ಲ, ನಾನೇ ಕಂಡೆ. ಹತ್ತಿರ ಬಾ ಎಂದು ಸನ್ನೆ ಮಾಡಿದ. ಅಣ್ಣ ಹಾಸಿಗೆಯ ಪಕ್ಕ ನಿಂತ. ಅಪ್ಪ ಕೈ ಚಾಚಿ ಅವನ ತಲೆಯನ್ನು ಮುಟ್ಟಲಿಲ್ಲ, ಕಾಲನ್ನು ಮುಟ್ಟಿದ. ಮೀನಖಂಡವನ್ನು ಹಿಡಿದು ಒತ್ತಿ ನೋಡಿದ. ಅದು ಕಲ್ಲಾಗಿತ್ತು. ನಲವತ್ತು ವರ್ಷ ನಿಂತವನಿಗೆ ಆರು ದಿನ ಕುಳಿತವನ ಕಾಲು ಯಾವುದು, ಅಲ್ಲದ್ದು ಯಾವುದು ಎಂದು ಯಾರಾದರೂ ಹೇಳಿಕೊಡಬೇಕೇ.

"ಆತು ಬಿಡಪ್ಪ" ಎಂದ. ಗೋಡೆಯ ಕಡೆಗೆ ಹೊರಳಿದ. ಅದಾದ ಮೇಲೆ ಕುಂತ್ಯಾ ಎಂದು ಕೇಳಲಿಲ್ಲ.

ಎಂಬತ್ತಮೂರರ ಜನವರಿಯ ಒಂದು ಮುಂಜಾನೆ, ಸಂಕ್ರಾಂತಿಯ ಮರುವಾರ, ಅಪ್ಪ ಹೋದ. ಅಣ್ಣ ಊರಲ್ಲೇ ಇದ್ದ.

ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ನೋಡುವವರೆಲ್ಲ ಬಂದು ನೋಡಿ, ಭಜನೆ ಮುಗಿದು, ದೂರದ ನೆಂಟರು ಮುಖ ಕಂಡ ಮೇಲೆ ಎತ್ತುವುದು. ಅಪ್ಪನಿಗೆ ಗಳುವಿನ ಮೇಲಿನ ಪಂಚೆ ಉಡಿಸಿದೆವು. ಹಿರಿಯರಾದ ಬೆನಕಪ್ಪ ಗೋಡೆಯ ಬುಡಕ್ಕೆ ಗೋಣಿತಾಟು ಹಾಸಲು ಹೋದರು. ಅಣ್ಣ ತಡೆದ.

"ಬ್ಯಾಡ ಕಾಕಾ. ಕುರ್ಚಿ ಬೇಕು."

ಕೇರಿಯಲ್ಲಿ ಯಾರ ಮನೆಯಲ್ಲೂ ಕುರ್ಚಿಯಿರಲಿಲ್ಲ. ಎಲ್ಲರೂ ಮುಖ ಮುಖ ನೋಡಿದರು. ನಾನು ಓಡಿದೆ. ಮುನ್ನೂರು ಹೆಜ್ಜೆ. ಶಾಲೆಯ ಬೀಗ ತೆಗೆದು ನನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದೆ. ಗೇಟು ದಾಟುವಾಗ ಅಪ್ಪ ರೊಟ್ಟಿ ಹಿಡಿದು ನಿಲ್ಲುತ್ತಿದ್ದ ಜಾಗ ಕಂಡಿತು. ನಾನು ಆರೇಳು ವರ್ಷ ಕಾದಿದ್ದೆ, ಅಪ್ಪ ಬಂದು ನನ್ನ ಕುರ್ಚಿ ನೋಡಲಿ ಎಂದು. ಈಗ ಅವನಿಗೇ ಅದನ್ನು ಹೊತ್ತು ತರುತ್ತಿದ್ದೆ.

ಅಂಗಳದ ನಡುವೆ ಕುರ್ಚಿ ಇಟ್ಟು ಅಪ್ಪನನ್ನು ಕೂಡಿಸಿದರು. ಹಿಂದೆ ಗೋಡೆಯಿಲ್ಲ, ಕುರ್ಚಿಯ ಬೆನ್ನು ಗಿಡ್ಡ. ಎದೆಗೆ ಪಂಚೆ ಸುತ್ತಿ ಕಟ್ಟಲು ನೋಡಿದರೂ ಮೈ ಒಂದು ಕಡೆಗೆ ವಾಲುತ್ತಿತ್ತು, ತಲೆ ಮುಂದಕ್ಕೆ ಬೀಳುತ್ತಿತ್ತು. ಅಣ್ಣ ಕುರ್ಚಿಯ ಹಿಂದೆ ಹೋಗಿ ನಿಂತ. ಪಾದ ಭುಜದಷ್ಟು ಅಗಲ, ಮೊಣಕಾಲು ಸಡಿಲ. ತೋಳುಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಗುಂಡಗೆ ಬಾಗಿಸಿ ಅಪ್ಪನ ಸುತ್ತ ತಂದ. ತಲೆ ಅವನ ಎದೆಗೆ ಒರಗಿತು. ಎರಡನೆಯ ನಿಲುವು ಅದು, ಮರ ತಬ್ಬಿಕೊಳ್ಳುವುದು.

ಒಂಬತ್ತು ಗಂಟೆಗೆ ನಿಂತವನು. ಹರಪನಹಳ್ಳಿಯಿಂದ ಸೋದರತ್ತೆ ಬರಬೇಕಿತ್ತು, ಬಸ್ಸು ತಡವಾಯಿತು. ಭಜನೆಯವರು ಮೂರು ಸಲ ಚಹಾಕ್ಕೆ ಎದ್ದರು. ಗಂಡಸರು ಸರದಿಯ ಮೇಲೆ ಬಂದು, ನಾವು ಹಿಡಿಯುತ್ತೇವೆ, ನೀನು ಸ್ವಲ್ಪ ಕುಂದ್ರು ಎಂದರು. ತಲೆ ಅಲ್ಲಾಡಿಸಿದ. ಬಿಸಿಲು ನೆತ್ತಿಗೆ ಬಂತು, ನಾನು ಅವನ ತಲೆಗೆ ಅಪ್ಪನ ಟವೆಲು ಹಾಕಿದೆ. ಹಂಪಮ್ಮ ಲೋಟದಲ್ಲಿ ನೀರು ಹಿಡಿದಳು, ಎರಡು ಗುಟುಕು ಕುಡಿದ. ತೋಳು ಒಂದು ಬೆರಳಿನಷ್ಟೂ ಇಳಿಯಲಿಲ್ಲ.

ಮಧ್ಯಾಹ್ನ ಗೌಡರು ಬಂದರು. ನಲವತ್ತು ವರ್ಷ ದುಡಿದವನಲ್ಲವೇ, ಬರಲೇಬೇಕಿತ್ತು. ಕೇರಿಯ ಬಾಯಲ್ಲಿ ಚಪ್ಪಲಿ ಬಿಟ್ಟು ಅಂಗಳದ ಅಂಚಿಗೆ ಬಂದು ನಿಂತರು. ಕೂರಿ ಎಂದು ಯಾರೂ ಹೇಳಲಿಲ್ಲ. ಹೇಳಲು ಇನ್ನೊಂದು ಕುರ್ಚಿ ಇರಲೂ ಇಲ್ಲ. ಗೌಡರು ಕೈಮುಗಿದು ನಿಂತಿದ್ದರು, ನಮ್ಮಪ್ಪ ಹೊಸ ಪಂಚೆ ಉಟ್ಟು ಕಟ್ಟಿಗೆಯ ಕುರ್ಚಿಯ ಮೇಲೆ ಕುಳಿತಿದ್ದ. ನಾಲ್ಕು ಮಂದಿ ಅಲ್ಲ, ಇಡೀ ಊರೇ ನೋಡಿತು. ಅಪ್ಪ ನೋಡಲಿಲ್ಲ.

ಮೂರು ಗಂಟೆಗೆ ಎತ್ತಿದರು. ಅಪ್ಪನನ್ನು ಅಣ್ಣನ ತೋಳಿನಿಂದ ಬಿಡಿಸಿಕೊಂಡ ಮೇಲೂ ಅವನ ತೋಳು ಹಾಗೇ ಬಾಗಿ ನಿಂತಿತ್ತು. ಇಳಿಸಲು ಅವನಿಂದ ಆಗಲಿಲ್ಲ. ನಾನೇ ಹೋಗಿ ಒಂದೊಂದನ್ನೇ ಹಿಡಿದು ಕೆಳಗೆ ಬಿಟ್ಟೆ.

ಕುರ್ಚಿಯನ್ನು ತೊಳೆದು ಶಾಲೆಗೆ ಒಯ್ದೆ. ಹೆಡ್ಮಾಸ್ತರು ಹೆಣ ಕೂಡಿಸಿದ್ದು ಬೇಡ ಎಂದರು. ಕೇರಿಯ ಹೆಣ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ಇತ್ತು. ಮುರಿದಿದೆ ಎಂದು ತೆಗೆದುಹಾಕಿ ನನಗೇ ಕೊಟ್ಟರು. ಬೇರೆ ಕುರ್ಚಿ ಬರಲಿಲ್ಲ, ನಾನೂ ಕೇಳಲಿಲ್ಲ. ನಿಂತೇ ಪಾಠ ಮಾಡಿದೆ, ಮೊಣಕಾಲು ಸಡಿಲ ಬಿಟ್ಟು.

ಹನ್ನೊಂದು ತಿಂಗಳಿಗೆ ಅಣ್ಣನ ಆದೇಶ ಬಂತು. ಆರೋಪಕ್ಕೆ ಆಧಾರ ಕಂಡುಬಂದಿಲ್ಲ ಎಂದು ಒಂದೂವರೆ ಸಾಲು. ಹಡಗಲಿಗೆ ಗುಮಾಸ್ತನಾಗಿ ಹೋದ. ಒಂದು ರಜೆಯಲ್ಲಿ ನಾನು ಹೋಗಿ, ಅಪ್ಪನ ಪಾಲಿನದೂ ಸೇರಿಸಿ, ಕಚೇರಿಯ ಕಿಟಕಿಯಿಂದ ಇಣುಕಿ ನೋಡಿದೆ. ಕುಳಿತಿದ್ದ. ಬೆನ್ನು ಬಾಗಿಸಿ, ಎಲ್ಲರ ಹಾಗೆ ಕುಳಿತು ಬರೆಯುತ್ತಿದ್ದ.

ಆ ಯುಗಾದಿಗೆ ಅಣ್ಣ ಊರಿಗೆ ಬಂದಾಗ ನಾನು ಬೆಳಿಗ್ಗೆ ಹಿತ್ತಿಲಿಗೆ ಹೋದೆ. ಹುಣಸೆಮರದ ಕೆಳಗೆ ಇಪ್ಪತ್ತು ವರ್ಷ ನಿಂತು ನಿಂತು ಎರಡು ಪಾದದಷ್ಟು ಜಾಗ ಬೋಳಾಗಿತ್ತು. ಈಗ ಅಲ್ಲಿ ಹುಲ್ಲು ಬಂದಿತ್ತು. ಅಣ್ಣ ಮರದ ಬೇರಿನ ಮೇಲೆ ಕುಳಿತು ಬೇವಿನಕಡ್ಡಿ ಅಗಿಯುತ್ತಿದ್ದ.

"ಯಾಕಣ್ಣ, ನಿಲ್ಲೋದು ಬಿಟ್ಟಿ?" ಎಂದೆ. ನನ್ನ ಮೇಲಿನ ಸಿಟ್ಟಿಗೆ ಬಿಟ್ಟಿರಬಹುದು ಎಂದು ನನ್ನ ಭಯ. "ಆ ನಾಕು ಪುಟ ಬರದಿದ್ದಕ್ಕ?"

"ಹುಚ್ಚಿ" ಎಂದ. ಆಮೇಲೆ ಕಡ್ಡಿ ತೆಗೆದು ಪಕ್ಕಕ್ಕಿಟ್ಟ.

"ಅಜ್ಜ ಮರ ತಬ್ಬಿದಂಗ ನಿಲ್ಲು ಅಂತ ತೋರಿಸಿದ್ದ. ಇಪ್ಪತ್ತು ವರ್ಷ ಬರೀ ಗಾಳಿ ತಬ್ಬಿ ನಿಂತೆ, ಏನೂ ಭಾರ ಅನ್ನಿಸಲಿಲ್ಲ. ಈಗ ಕೈ ಎತ್ತಿದ್ರ ಅಪ್ಪ ಬಂದು ಕುಂದ್ರತಾನ. ಅವನ ತಲಿ ಇಲ್ಲಿ ಬರ್ತೈತಿ." ಎದೆ ಮುಟ್ಟಿ ತೋರಿಸಿದ. "ಬದುಕಿದ್ದಾಗ ಒಂದಿನಾನೂ ಅವನ್ನ ತಬ್ಬಿರಲಿಲ್ಲ ಕನಕಿ. ನಿಲ್ಲಾಕ ಆಗವಲ್ದು."

ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಒಳಗಿನಿಂದ ಹಂಪಮ್ಮ ಚಹಾಕ್ಕೆ ಕರೆಯುತ್ತಿದ್ದಳು.